ಮೌಂಟ್ ಡೆಸರ್ಟ್ ದ್ವೀಪದ ಬಂಡೆಯಲ್ಲಿ ಹಿಮದ ಗೀರು ಗುರುತಿಸುವುದು ಹೇಗೆ

ಹಿಂದೆ ನೆಲವನ್ನು ಮುಚ್ಚಿದ್ದ ದಪ್ಪ ಹಿಮರಾಶಿ ಸರಿಯುವಾಗ ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯ ಮೇಲೆ ಕೊರೆದ ಗೆರೆಗಳೇ ಹಿಮದ ಗೀರು. ಅವನ್ನು ನೋಡಲು ಅಮೆರಿಕದ ಮೇನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪದಲ್ಲಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ದಿಕ್ಸೂಚಿ, ಹತ್ತು ಪಟ್ಟು ಹಿಗ್ಗಿಸುವ ಮಸೂರ ಮತ್ತು ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ನೀರು ಕುಡಿಯಲಿಕ್ಕಷ್ಟೇ ಅಲ್ಲ.

ಮೊದಲು ಕಲ್ಲಿನ ಪರಿಚಯ. 466 ಮೀಟರ್ ಎತ್ತರದ ಕ್ಯಾಡಿಲಾಕ್ ಬೆಟ್ಟದ ಗ್ರಾನೈಟ್ ಸುಮಾರು 42 ಕೋಟಿ ವರ್ಷ ಹಳೆಯದು. ಭೂಖಂಡದ ತುಣುಕುಗಳು ಉತ್ತರ ಅಮೆರಿಕಕ್ಕೆ ಬಂದು ಬೆಸೆಯುತ್ತಿದ್ದ ಕಾಲದಲ್ಲಿ ನೆಲದಾಳದ ಶಿಲಾಪಾಕ ನಿಧಾನವಾಗಿ ಆರಿ ಇದಾಯಿತು. ನಿಧಾನವಾಗಿ ಆರಿದ್ದರಿಂದಲೇ ಹರಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ: ನಸುಗೆಂಪು ಫೆಲ್ಡ್‌ಸ್ಪಾರ್, ಗಾಜಿನಂಥ ಕ್ವಾರ್ಟ್ಜ್, ನಡುವೆ ಕಪ್ಪು ಚುಕ್ಕೆ.

ಗೀರು ಹುಡುಕಲು ಬೆಳಗ್ಗೆ ಅಥವಾ ಸಂಜೆ ಹೋಗಿ. ನಡುಹಗಲ ನೆತ್ತಿಯ ಬಿಸಿಲಲ್ಲಿ ಏನೂ ಕಾಣದು. ನುಣುಪಾದ ಹಾಸುಬಂಡೆಗೆ ನೀರು ಸುರಿದು ಓರೆಯಿಂದ ನೋಡಿ, ಅಂಗೈ ಸವರಿ. ನಿಜವಾದ ಗೀರು ಹರಳುಗಳನ್ನು ಲೆಕ್ಕಿಸದೆ ನೇರ ಹಾಯುತ್ತದೆ, ಪಕ್ಕದಲ್ಲಿ ಅದೇ ದಿಕ್ಕಿನ ಇನ್ನಷ್ಟು ಗೀರುಗಳಿರುತ್ತವೆ. ಒಳಕ್ಕೆ ಇಳಿದಿದ್ದರೆ ಅದು ಬಿರುಕು. ಒರಟಾಗಿ ಉದುರುವ ಮೈಯಲ್ಲಿ ಹುಡುಕಬೇಡಿ, ಅಲ್ಲಿ ಮಳೆ-ಮಂಜು ಗೀರನ್ನು ಅಳಿಸಿರುತ್ತದೆ.

ದಿಕ್ಸೂಚಿ ಇಟ್ಟು ಓದಿದ ಅಂಕಿಯಿಂದ ಸುಮಾರು 15 ಡಿಗ್ರಿ ಕಳೆಯಿರಿ, ಇಲ್ಲಿ ಸೂಜಿ ಅಷ್ಟು ಪಶ್ಚಿಮಕ್ಕೆ ವಾಲುತ್ತದೆ. ಇದನ್ನು ಮರೆತರೆ ಉತ್ತರ-ವಾಯವ್ಯದಿಂದ ಬಂದ ಹಿಮ ನೆಟ್ಟಗೆ ಉತ್ತರದಿಂದ ಬಂದಂತಾಗುತ್ತದೆ. ಆದರೆ ಗೀರು ಒಂದು ಗೆರೆ ಮಾತ್ರ, ಹಿಮ ಯಾವ ತುದಿಯಿಂದ ಬಂತೆಂದು ಅದು ಹೇಳದು. ಅದಕ್ಕೆ ಜೋರ್ಡನ್ ಪಾಂಡ್ ಎಂಬ ಕೊಳದ ಆಚೆಯ ಬಬಲ್ಸ್ ಗುಡ್ಡಗಳನ್ನು ನೋಡಿ: ಹಿಮ ಏರಿದ ಉತ್ತರ ಮಗ್ಗುಲು ಉಜ್ಜಿ ಇಳಿಜಾರಾಗಿದೆ, ಕಲ್ಲು ಕಿತ್ತೊಯ್ದ ದಕ್ಷಿಣ ಮಗ್ಗುಲು ಕಡಿದಾಗಿದೆ. ಆ ಕೊಳಕ್ಕೂ ಹಿಮ ತಂದು ಸುರಿದ ಕಲ್ಲುಮಣ್ಣೇ ದಕ್ಷಿಣದ ಕಟ್ಟೆ.

ದಕ್ಷಿಣದ ಬಬಲ್ ಗುಡ್ಡದ ಅಂಚಿನಲ್ಲಿ ಕೂತಿರುವ ದೊಡ್ಡ ಗುಂಡನ್ನು ತಪ್ಪಿಸಬೇಡಿ. ಹಂಪಿಯ ಗುಂಡುಗಳನ್ನು ಕಂಡವರಿಗೆ ಇದೂ ಇದ್ದಲ್ಲೇ ಸವೆದು ಉಳಿದದ್ದೆನಿಸುತ್ತದೆ. ಗುಂಡಿನ ಹರಳನ್ನೂ ಕೆಳಗಿನ ಬಂಡೆಯ ಹರಳನ್ನೂ ಮಸೂರದಲ್ಲಿ ಹೋಲಿಸಿ. ಹಂಪಿಯಲ್ಲಿ ಎರಡೂ ಒಂದೇ ಕಲ್ಲು. ಇಲ್ಲಿ ಕೆಳಗಿನದು ನಸುಗೆಂಪು, ಗುಂಡು ಬಿಳಿಚು, ಅದರ ಫೆಲ್ಡ್‌ಸ್ಪಾರ್ ಹರಳುಗಳು ತುಂಬ ದೊಡ್ಡವು. ವಾಯವ್ಯದಿಂದ ಹತ್ತಾರು ಕಿಲೋಮೀಟರ್ ಹಿಮವೇ ಹೊತ್ತು ತಂದ ಕಲ್ಲಿದು.

ಕರಾವಳಿಯನ್ನು ಕೊನೆಗೆ ಇಳಿತದ ಹೊತ್ತಿಗೆ ಇಟ್ಟುಕೊಳ್ಳಿ. ಸೋಮ್ಸ್ ಸೌಂಡ್ ಎಂಬ ಕಿರಿದಾದ ಕಡಲತೋಳು ಹಿಮ ಕೊರೆದು, ಆಮೇಲೆ ಸಮುದ್ರ ನುಗ್ಗಿದ ಕಣಿವೆ. ಭರತಕ್ಕೂ ಇಳಿತಕ್ಕೂ ಇಲ್ಲಿ ಮೂರು ಮೀಟರಿಗೂ ಹೆಚ್ಚು ವ್ಯತ್ಯಾಸ. ಭರತದ ವೇಳಾಪಟ್ಟಿ ನೋಡಿಯೇ ಇಳಿಯಿರಿ, ಪಾಚಿ ಹಿಡಿದ ಕಪ್ಪು ಪಟ್ಟಿಯ ಮೇಲೆ ಕಾಲಿಡಬೇಡಿ, ಒಂದು ಹರಳನ್ನೂ ಜೇಬಿಗೆ ಹಾಕಬೇಡಿ.