ರಾಯಚೂರು ಕೋಟೆ: ಕಡಿಮೆ ಖರ್ಚಿನಲ್ಲಿ ಅರ್ಧ ದಿನ

ರಾಯಚೂರು ಕೋಟೆಗೆ ಬರುವ ಹೆಚ್ಚಿನವರು ಗುಡ್ಡ ಹತ್ತಿ, ನಾಲ್ಕು ಫೋಟೊ ತೆಗೆದು ಇಳಿದುಬಿಡುತ್ತಾರೆ. ಇಲ್ಲಿನ ಅಸಲಿ ಸರಕು ಕೆಳಗಿನ ಗೋಡೆಯಲ್ಲಿದೆ. ಅದನ್ನು ನೋಡಲು ದುಡ್ಡಿಗಿಂತ ಹೊತ್ತಿನ ಲೆಕ್ಕ ಮುಖ್ಯ.

ಬಸ್ಸಿನಲ್ಲಿ ಬಂದರೆ ಆಟೋ ಬೇಡ, ಬಸ್ ನಿಲ್ದಾಣದ ಪಕ್ಕದಲ್ಲೇ ಕೋಟೆ. ರೈಲಿಳಿದವರು ಶೇರ್ ಆಟೋ ಹಿಡಿಯಬಹುದು. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಮರೆಯಬೇಡಿ, ಐಷಾರಾಮಿ ಬಸ್ಸಿಗೆ ಇದು ನಡೆಯುವುದಿಲ್ಲ.

ಮೊದಲು ಗುಡ್ಡ. ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ, ಏಳಕ್ಕೆಲ್ಲ ಹತ್ತಲು ಶುರುಮಾಡಿ. ತಲೆಗೆ ಎರಡು ಲೀಟರಿನಂತೆ ನೀರು ಕೆಳಗೇ ತುಂಬಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಹತ್ತೋಣ ಎಂದರೂ ಹಗಲೆಲ್ಲ ಕಾದ ಬಂಡೆ ಬೇಗ ಆರುವುದಿಲ್ಲ. ಮಳೆಯಲ್ಲಿ ಪಾಚಿಗೆ ಚಪ್ಪಲಿ ಜಾರುತ್ತದೆ, ಬೂಟು ಮೇಲು.

ಹತ್ತರೊಳಗೆ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನಿ. ಊರಿನ ಅಗ್ಗದ ನಾಷ್ಟಾ ಅದೇ.

ಆಮೇಲೆ ಬಾಗಿಲುಗಳು. ಹೊರಸುತ್ತಿನಲ್ಲಿ ಪೂರ್ವಕ್ಕೆ ಕಾಟಿ ದರ್ವಾಜಾ, ಉತ್ತರಕ್ಕೆ ನೌರಂಗಿ, ಪಶ್ಚಿಮಕ್ಕೆ ಮೆಕ್ಕಾ. ಇದೇ ಕ್ರಮದಲ್ಲಿ ಸುತ್ತಿದರೆ ಮಧ್ಯಾಹ್ನಕ್ಕೆ ಪಶ್ಚಿಮಕ್ಕೆ ಬರುತ್ತೀರಿ, ಬೇಕಾದ್ದೂ ಅದೇ: ಅಲ್ಲಿನ ಒಳಗೋಡೆಯ ಗೀರುಗಳಿಗೆ ಆಗಲೇ ಬೆಳಕು ಸರಿ. 1520ರಲ್ಲಿ ಕೃಷ್ಣದೇವರಾಯನ ಸೇನೆ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆಯ ಪೋರ್ಚುಗೀಸ್ ಬಂದೂಕಿನವರು ಗೋಡೆಯ ಮೇಲಿದ್ದ ಕಾವಲಿನವರಿಗೆ ತಲೆಯೆತ್ತಲು ಬಿಡಲಿಲ್ಲ. ಆ ಹೊತ್ತಿನಲ್ಲಿ ಕೆಳಗಿದ್ದ ರಾಯನ ಆಳುಗಳು ಗೋಡೆಯ ಕಲ್ಲು ಕಿತ್ತರು.

ಒಳಸುತ್ತಿನ ಗೋಡೆಗೆ ಬಂದಾಗ ಬೆರಳಿಟ್ಟು ನೋಡಿ: ದೊಡ್ಡ ದೊಡ್ಡ ಕಲ್ಲುಗಳ ನಡುವೆ ಗಾರೆಯೇ ಇಲ್ಲ. ಕಾಕತೀಯರ ಕಾಲದ, 1294ರ ಕೆಲಸವಿದು. ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, ಮೇಲೆ ತೆಲುಗು ಶಾಸನ. ಹತ್ತಿರದಲ್ಲೇ ಆ ಕಲ್ಲನ್ನು ತಂದ ಬಗೆಯನ್ನೂ ಗೀರಿದ್ದಾರೆ: ಬಂಡಿಯ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಗಾಲಿಗೆ ಸನ್ನೆಗೋಲು ಕೊಡುತ್ತಿರುವ ಆಳುಗಳು. ಗೀರು ತೆಳುವಾದ್ದರಿಂದ ಎಷ್ಟೋ ಮಂದಿ ಕಾಣದೆಯೇ ಮುಂದೆ ಹೋಗುತ್ತಾರೆ. ಬೆಳಿಗ್ಗೆ ಈ ಗೋಡೆ ನೆರಳಲ್ಲಿರುತ್ತದೆ, ಸಂಜೆಯ ಬಿಸಿಲು ನೇರ ಮುಖಕ್ಕೆ ಬಿದ್ದು ಗೀರು ಮಾಸುತ್ತದೆ. ನಡುಮಧ್ಯಾಹ್ನ ದಾಟುತ್ತಲೇ ಸೂರ್ಯ ಗೋಡೆಯನ್ನು ಸವರಿಕೊಂಡು ಬರುವ ಸ್ವಲ್ಪ ಹೊತ್ತು ಅಕ್ಷರಗಳು ಎದ್ದು ಕಾಣುತ್ತವೆ. ಆ ಹೊತ್ತು ತಪ್ಪಿತೇ? ನೆರಳಿರುವಾಗ ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ ಮಾತ್ರ ಬಳಿಯಬೇಡಿ, ಪುಡಿ ಗೀರಿನೊಳಗೆ ಕೂತರೆ ಮುಂದಿನವರಿಗೆ ಏನೂ ಕಾಣದು.

ಹೊತ್ತು ಉಳಿದರೆ 1513ರ ಏಕ್ ಮಿನಾರ್ ಮಸೀದಿ ನೋಡಿ. ಸುಮಾರು 65 ಅಡಿ ಎತ್ತರದ ಒಂಟಿ ಮಿನಾರು. ಶುಕ್ರವಾರ ಮಧ್ಯಾಹ್ನದ ನಮಾಜಿನ ವೇಳೆ ಬಿಟ್ಟು ಹೋಗಿ, ಒಳಗೆ ಕಾಲಿಡುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ.