ಗಾಳದ ರಾಡ್ ರಿಪೇರಿ: ತುದಿಯ ರಿಂಗಿನಿಂದ ಶುರು ಮಾಡಿ

ದಾರ ಪದೇ ಪದೇ ತುಂಡಾಗುತ್ತಿದೆ ಅಂತ ಹೊಸ ದಾರ ತರಲು ಹೋಗುವ ಮೊದಲು ರಾಡಿನಲ್ಲಿ ದಾರ ಹಾದುಹೋಗುವ ರಿಂಗುಗಳನ್ನು ಒಮ್ಮೆ ನೋಡಿ. ಹೆಚ್ಚಿನ ಸಲ ತೊಂದರೆ ಅಲ್ಲೇ ಇರುತ್ತದೆ. ನಾನು ಗಾಳ ಹಾಕುವುದು ಕುಂದಾಪುರದ ಕೋಡಿ ಕಡೆ, ಪಂಚಗಂಗಾವಳಿ ನದಿ ಸಮುದ್ರ ಸೇರುವಲ್ಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ತಡೆಗೋಡೆ) ಕಲ್ಲುಗಳ ಮೇಲೆ. ಉಪ್ಪುನೀರು ಒಂದು ಕಡೆ, ಚೂಪು ಕಲ್ಲು ಇನ್ನೊಂದು ಕಡೆ. ಇಲ್ಲಿ ಕೋಲು ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ, ಮೊದಲು ಕೈಕೊಡುವುದು ತುದಿಯ ರಿಂಗು. ಹಾಗಾಗಿ ನನ್ನ ರಿಪೇರಿಯೆಲ್ಲ ಜಾಸ್ತಿ ಅಲ್ಲೇ. ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿ, ಟೈಲರ್ ಅಂಗಡಿ, ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ.

ಪರೀಕ್ಷೆ ಸುಲಭ. ಕಿವಿಗೆ ಹಾಕುವ, ತುದಿಗೆ ಹತ್ತಿ ಸುತ್ತಿದ ಇಯರ್ ಬಡ್ ತಗೊಂಡು ಪ್ರತಿ ರಿಂಗಿನ ಒಳಗೆ ಒಂದು ಸುತ್ತು ತಿರುಗಿಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಬಿರುಕು ಇದೆ ಅಂತ ಅರ್ಥ, ಕಣ್ಣಿಗೆ ಕಾಣದೇ ಇದ್ದರೂ. ಒಳಗಿನ ಸೆರಾಮಿಕ್ ಬಳೆ ಬಿರುಕು ಬಿಟ್ಟರೆ ಅದನ್ನು ಉಜ್ಜಿ ಸರಿ ಮಾಡಲು ಆಗುವುದಿಲ್ಲ, ರಿಂಗನ್ನೇ ಬದಲಾಯಿಸಬೇಕು.

ತುದಿಯ ರಿಂಗು ಕೀಳಲು ಲೈಟರ್ ಬೇಡ. ಕಾರ್ಬನ್ ಕೋಲಿನ ಒಳಗಿರುವ ಅಂಟು ಜಾಸ್ತಿ ಬಿಸಿಗೆ ಮೆತ್ತಗಾಗಿ ತುದಿಯೇ ಬಲ ಕಳೆದುಕೊಳ್ಳುತ್ತದೆ. ಒಂದು ಲೋಟ ಕುದಿಯುವ ನೀರಲ್ಲಿ ತುದಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ತಿರುಚದೆ ನೇರವಾಗಿ ಎಳೆಯಿರಿ. ಹಳೇ ಅಂಟು ಕೆರೆದು, ಗ್ಲೂ ಗನ್ನಿಗೆ ಹಾಕುವ ಅಂಟಿನ ಕಡ್ಡಿ ಕರಗಿಸಿ ಸವರಿ, ಹೊಸ ರಿಂಗು ತೂರಿಸಿ. ಅಂಟು ಬಿಸಿ ಇರುವಾಗಲೇ ಹಿಡಿಕೆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಎಲ್ಲ ರಿಂಗುಗಳೂ ಒಂದೇ ಸಾಲಿಗೆ ಬರಬೇಕು. ಫೆವಿಕ್ವಿಕ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಮುಂದಿನ ಸಲ ಬಿಚ್ಚುವಾಗ ರಿಂಗಿನ ಜೊತೆ ತುದಿಯನ್ನೂ ಕತ್ತರಿಸಬೇಕಾಗುತ್ತದೆ, ಅಷ್ಟೇ. ತುದಿ ಒಂದೆರಡು ಇಂಚು ಮುರಿದಿದ್ದರೆ ನಯವಾದ ವಾಟರ್ ಪೇಪರಿನಲ್ಲಿ ಉಜ್ಜಿ, ಸ್ವಲ್ಪ ದೊಡ್ಡ ತೂತಿನ ರಿಂಗು ಹಾಕಿ. ರಾಡ್ ಬಿರುಸಾಗುತ್ತದೆ ನಿಜ. ಆದರೆ ಭಾರದ ಸೀಸ ಕಟ್ಟಿ, ಚಟ್ಲಿ (ಸಿಗಡಿ) ಸಿಕ್ಕಿಸಿ ಕೆಂಬೇರಿ ಮೀನಿಗೆ ಕಾಯುವವರಿಗೆ ಅದೇ ಒಳ್ಳೆಯದು.

ನಡುವಿನ ರಿಂಗು ಕಟ್ಟುವುದಕ್ಕೆ ತಾಳ್ಮೆ ಬೇಕು. ಟೈಲರ್ ಅಂಗಡಿಯ ಗಟ್ಟಿ ಪಾಲಿಯೆಸ್ಟರ್ ನೂಲು ಸಾಕು. ನೂಲಿನ ಉಂಡೆಯನ್ನು ಲೋಟದಲ್ಲಿಟ್ಟು, ನೂಲನ್ನು ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಎಳೆದುಕೊಳ್ಳಿ, ಬಿಗಿ ತಾನಾಗಿ ಸಿಗುತ್ತದೆ. ನೂಲು ಸುತ್ತಬೇಡಿ, ಕೋಲು ತಿರುಗಿಸಿ. ರಿಂಗಿನ ಪಾದಕ್ಕಿಂತ (ಕೋಲಿಗೆ ತಾಗಿ ಕೂರುವ ಭಾಗ) ಸ್ವಲ್ಪ ಆಚೆ ಶುರು ಮಾಡಿ, ನೂಲಿನ ಮೊದಲ ತುದಿಯ ಮೇಲೇ ಸುತ್ತುತ್ತಾ, ಒಂದರ ಪಕ್ಕ ಒಂದು ಒತ್ತಾಗಿ ಪಾದದ ಮೇಲೆ ಹತ್ತಿಸಿ. ಮುಗಿಯಲು ಐದಾರು ಸುತ್ತು ಇದೆ ಅನ್ನುವಾಗ ಬೇರೆ ತುಂಡು ನೂಲನ್ನು ಮಡಚಿ, ಕುಣಿಕೆ ಮುಂದಕ್ಕೆ ಬರುವ ಹಾಗೆ ಇಟ್ಟು, ಅದರ ಮೇಲೆ ಉಳಿದ ಸುತ್ತು ಹಾಕಿ. ಕೊನೆಗೆ ನೂಲು ಕತ್ತರಿಸಿ, ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಕುಣಿಕೆಯನ್ನು ಹಿಂದಿನಿಂದ ಎಳೆದರೆ ತುದಿ ಸುತ್ತುಗಳ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಗಂಟೇ ಬೇಡ.

ಅದರ ಮೇಲೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್, ಎರಡೂ ಟ್ಯೂಬಿನಿಂದ ಸರಿಸಮ. ಐದು ನಿಮಿಷದ್ದು ತಗೋಬೇಡಿ, ಸವರಿ ಮುಗಿಸುವ ಮೊದಲೇ ಗಟ್ಟಿಯಾಗುತ್ತದೆ. ಗುಳ್ಳೆ ಬಾರದ ಹಾಗೆ ಮೆಲ್ಲಗೆ ಕಲಸಿ, ತೆಳ್ಳಗೆ ಹಚ್ಚಿ, ಅಂಟು ಹರಿಯುವುದು ನಿಲ್ಲುವವರೆಗೂ ರಾಡನ್ನು ಆಗಾಗ ತಿರುಗಿಸುತ್ತಾ ಇರಿ, ಇಲ್ಲದಿದ್ದರೆ ಒಂದೇ ಕಡೆ ಹೊಟ್ಟೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಟ್ರಾಲ್ ಬೋಟುಗಳು (ಬಲೆ ಎಳೆಯುವ ಬೋಟುಗಳು) ದಡದಲ್ಲಿ ಇರುತ್ತವೆ, ಕಡಲಿನ ಅಬ್ಬರಕ್ಕೆ ನಾವೂ ಕಲ್ಲಿನ ಮೇಲೆ ಹೋಗುವುದಿಲ್ಲ. ಈ ಕೆಲಸಕ್ಕೆ ಅದೇ ಸಮಯ. ಆದರೆ ಮಳೆಗಾಲದ ತೇವಕ್ಕೆ ಅಂಟು ಮಸುಕಾಗುತ್ತದೆ, ಅದಕ್ಕೆ ನಾನು ರಾಡನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇಡುತ್ತೇನೆ. “ಮೀನು ಬರುವ ಮೊದಲೇ ಕೋಲು ಒಲೆ ಹತ್ರ ಬಂತಲ್ಲ ಮಾರಾಯ” ಅಂತ ಅಮ್ಮ ಪ್ರತಿ ಮಳೆಗಾಲ ಅನ್ನುತ್ತಾರೆ.

ಉಳಿದವು ಸಣ್ಣಪುಟ್ಟ ಕೆಲಸ. ಎರಡು ತುಂಡಿನ ರಾಡಿನ ಜೋಡಣೆ ಸಡಿಲವಾಗಿದ್ದರೆ ಒಳಗೆ ಹೋಗುವ ಭಾಗಕ್ಕೆ ಮೇಣದಬತ್ತಿ ಉಜ್ಜಿ. ಟೇಪ್ ಸುತ್ತಿ ಒತ್ತಿ ಕೂರಿಸಿದರೆ ಹೊರಗಿನ ತುಂಡು ಸೀಳಬಹುದು. ಹಿಡಿಕೆಗೆ ಹಳೇ ಸೈಕಲ್ ಟ್ಯೂಬು. ಸೋಪು ನೀರು ಹಚ್ಚಿ ಎಳೆದು ತೊಡಿಸಿ, ಎರಡೂ ಕಡೆ ಎಲೆಕ್ಟ್ರಿಕ್ ಟೇಪ್ ಸುತ್ತಿ. ಮೀನಿನ ಲೋಳೆ ಹತ್ತಿದ ಕೈಗೂ ಜಾರುವುದಿಲ್ಲ. ರಾತ್ರಿಗೆ ಬಟ್ಟೆ ಕ್ಲಿಪ್ಪಿಗೆ ಒಂದು ಗೆಜ್ಜೆ ಕಟ್ಟಿ ರಾಡಿನ ತುದಿಗೆ ಸಿಕ್ಕಿಸುವುದು. ಗಾಳಿ ಬೀಸಿದರೆ ಸುಮ್ನೆ ಕಿಣಿಕಿಣಿ ಅನ್ನುತ್ತಿರುತ್ತದೆ, ಮೀನು ಎಳೆದರೆ ಒಮ್ಮೆಲೇ ಜೋರಾಗಿ ಝಲ್ ಅನ್ನುತ್ತದೆ, ಎರಡರ ವ್ಯತ್ಯಾಸ ಕಿವಿಗೆ ಬೇಗ ಗೊತ್ತಾಗುತ್ತದೆ. ಮರಳಲ್ಲಿ ರಾಡ್ ನಿಲ್ಲಿಸಲು ಪಿವಿಸಿ ಪೈಪಿನ ತುಂಡು ಸಾಕು, ಕೆಳತುದಿ ಓರೆಯಾಗಿ ಕೊಯ್ದರೆ ಚೆನ್ನಾಗಿ ಇಳಿಯುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ರಾಡ್ ತೊಳೆಯಿರಿ, ಬರೀ ಇದರಿಂದಲೇ ರಿಂಗಿನ ಚೌಕಟ್ಟು ತುಕ್ಕು ಹಿಡಿಯುವುದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ, ಟ್ಯೂಬು ಸುತ್ತಿದ ಹಿಡಿಕೆ ಕಾಪಾಡುತ್ತದೆ ಅಂದುಕೊಳ್ಳಬೇಡಿ. ವಿದ್ಯುತ್ ತಂತಿ ಇರುವ ಕಡೆ ಬೀಸಬೇಡಿ, ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಅಲ್ಲಿಂದ ಹೊರಡಿ.

ನಡುವೆ ಮುರಿದ ಕಾರ್ಬನ್ ರಾಡಿಗೆ ನಾನು ಕೈ ಹಾಕುವುದಿಲ್ಲ. ತೇಪೆ ಹಾಕಿದರೂ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ರಿಂಗುಗಳನ್ನು ಬಿಚ್ಚಿ, ಅಳತೆ ಪ್ರಕಾರ ಡಬ್ಬಿಗೆ ಹಾಕಿಡಿ. ಅಂಗಡಿಯಲ್ಲಿ ಬಿಡಿ ರಿಂಗು ಕೇಳಿದರೆ ಹೆಚ್ಚಿನ ಸಲ ಇಲ್ಲ ಅನ್ನುತ್ತಾರೆ, ಅಲ್ವಾ?