ಠಾಣೆ ಹೊಡೆತದ ದೂರು: ನಮ್ಮ ಟೈಮ್ ಹಾಳೆ ಕೊನೆಗೂ ಗೆದ್ದಿತು

ಮಾನವ ಹಕ್ಕು ಆಯೋಗದ ಆದೇಶ ಕೈಗೆ ಬಂದು ಕೆಲವು ತಿಂಗಳಾಯಿತು. ಠಾಣೆಯಲ್ಲಿ ಪೊಲೀಸರ ಹೊಡೆತ ತಿಂದ ಹುಡುಗನಿಗೆ ಪರಿಹಾರ, ಆ ದುಡ್ಡನ್ನು ಹೊಡೆದವರ ಸಂಬಳದಲ್ಲೇ ಮುರಿದುಕೊಳ್ಳಲು ಶಿಫಾರಸು, ಒಬ್ಬರ ಮೇಲೆ ಇಲಾಖಾ ವಿಚಾರಣೆ. ಮೊತ್ತ ದೊಡ್ಡದೇನಲ್ಲ, ಲಕ್ಷದ ಒಳಗೆ. ಆದರೆ ಹುಬ್ಬಳ್ಳಿ ಕೋರ್ಟ್ ಕ್ಯಾಂಟೀನಿನಲ್ಲಿ "ಪೊಲೀಸರ ಮ್ಯಾಲ ಪೊಲೀಸರಿಗೇ ದೂರು ಕೊಟ್ಟು ಏನ್ ಸಿಗ್ತದ್ರೀ ವಕೀಲ್ರ, ಸುಮ್ನ ಜಾಮೀನು ಮಾಡಿಸಿ ಮನೀಗೆ ಕಳಸ್ರಿ" ಅಂದವರೇ ಈಗ, ಯಾವ ಹೊತ್ತಿಗೆ ಯಾರು ಎಲ್ಲಿದ್ದರು ಅಂತ ನಾವು ಬರೆದ ಹಾಳೆಯ ಪ್ರತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬಂಧನದ ನಿಯಮದ ಡಿ.ಕೆ. ಬಸು, ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ತೀರ್ಪುಗಳೆಲ್ಲ ನಿಮಗೆ ಗೊತ್ತಿರೋದೇ, ಅವನ್ನು ಬಿಡಿಸಿ ಹೇಳೋದಿಲ್ಲ.

ನಾವು ನಾಲ್ಕೈದು ಜನ. ನಾನು, ಒಬ್ಬ ನಿವೃತ್ತ ಸರ್ಜನ್, ಕಾಲೇಜಿನಲ್ಲಿ ಲೆಕ್ಕ ಕಲಿಸಿದ ಒಬ್ಬ ಮೇಡಂ, ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗ. ಜೊತೆಗೆ ಪೊಲೀಸ್ ಇಲಾಖೆಯ ಒಬ್ಬ ನಿವೃತ್ತ ಎಎಸ್‌ಐ. ಅವರನ್ನು ಎಲ್ಲರೂ ಕಾಕಾ ಅಂತಲೇ ಕರೆಯೋದು. ಸಂಘ ನೋಂದಣಿ ಇಲ್ಲ, ಲೆಟರ್‌ಹೆಡ್ ಇಲ್ಲ. ಶನಿವಾರ ಸಂಜೆ ಧಾರವಾಡದಲ್ಲಿ ಮೇಡಂ ಮನೆಯಲ್ಲಿ ಕೂರುತ್ತೇವೆ. ಕಾಕಾನನ್ನು ಸೇರಿಸಿಕೊಂಡಾಗ ಹೋರಾಟದ ಗೆಳೆಯರು ಸಿಟ್ಟಾದರು. "ನಾಗರಿಕರ ಕಣ್ಗಾವಲು ಅಂತೀರಿ, ಮತ್ತೆ ಖಾಕಿನೇ ಕರ್ಕೊಂಡ್ ಬಂದ್ರಲ್ಲ" ಅಂದರು. ಅವರಿಗೆ ಉತ್ತರ ಮುಂದೆ ಬರುತ್ತದೆ.

ಮೊದಲ ಒಂದೆರಡು ವರ್ಷ ಏನೂ ನಡೆಯಲಿಲ್ಲ. ಪತ್ರಿಕಾಗೋಷ್ಠಿ ಮಾಡಿದೆವು, ಡಿಸಿ ಕಚೇರಿ ಮುಂದೆ ಕೂತೆವು. ಶಾಮಿಯಾನ, ಬ್ಯಾನರ್, ಮೈಕು ಅಂತ ಹದಿನೈದು ಇಪ್ಪತ್ತು ಸಾವಿರ ಹೋಗಿರಬೇಕು, ಹೆಚ್ಚಿನದು ಮೇಡಂ ಪಿಂಚಣಿಯಿಂದ. ಮಾರನೇ ದಿನ ಪೇಪರಿನಲ್ಲಿ ಎರಡು ಕಾಲಂ ಫೋಟೋ, ಅಷ್ಟೇ. ಖಾಸಗಿ ದೂರು ಹಾಕಿದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅಡ್ಡ ಬರುತ್ತಿತ್ತು. ಡ್ಯೂಟಿಯಲ್ಲಿ ಆದದ್ದು, ಸರ್ಕಾರದ ಅನುಮತಿ ತನ್ನಿ ಅನ್ನೋರು. ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರದ ಪಾಡೂ ನಿಮಗೆ ಗೊತ್ತು. ಜಿಲ್ಲಾ ಮಟ್ಟಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಇರಲಿ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತ್ತು. ನಮ್ಮಲ್ಲಿ 2012ರ ತಿದ್ದುಪಡಿಯಲ್ಲಿ ಹಲವು ಜಿಲ್ಲೆಗೆ ಒಬ್ಬರೇ ಇರುವ ಪ್ರಾದೇಶಿಕ ಆಯುಕ್ತರನ್ನು ಕೂರಿಸಿದರು. ನಮಗೆ, ಗದಗಿನವರಿಗೆ, ಹಾವೇರಿಯವರಿಗೆ ಅಂದರೆ ಬೆಳಗಾವಿ. ಕೂಲಿ ಬಿಟ್ಟು ಬೆಳಗಾವಿಗೆ ಯಾರು ಓಡಾಡುತ್ತಾರೆ? ಇನ್ನೊಂದು ಕಚೇರಿಗೆ ಕೊಟ್ಟ ದೂರು ಸುತ್ತಿ ಸುತ್ತಿ ಅದೇ ಠಾಣೆಗೆ ವರದಿಗೆ ಹೋಯಿತು. "ದೂರಿನಲ್ಲಿ ಹುರುಳಿಲ್ಲ" ಅಂತ ಬರೆದವರು ಅದೇ ಠಾಣೆಯ ಸಾಹೇಬರು!

ಮಾಹಿತಿ ಹಕ್ಕು ಇನ್ನೊಂದು ಗೋಳು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 150 ಪದ, ಒಂದೇ ವಿಷಯ. ಅಷ್ಟರಲ್ಲಿ ಬಿಗಿದು ಬರೆದು ಸಿಸಿಟಿವಿ ದೃಶ್ಯ ಕೇಳಿದರೆ ತನಿಖೆಗೆ ಅಡ್ಡಿಯಾಗುತ್ತದೆ ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಂ ಹಾಕಿ ವಾಪಸ್. ಮೇಲ್ಮನವಿ ಮುಗಿಯೋ ಹೊತ್ತಿಗೆ ಡಿಸ್ಕ್ ಮೇಲೆ ಹೊಸ ದೃಶ್ಯ ಕೂತು ಹಳೆಯದು ಅಳಿಸಿ ಹೋಗಿರುತ್ತದೆ.

ದಾರಿ ಸಿಕ್ಕಿದ್ದು ಇಲ್ಲೇ. ದೃಶ್ಯ ಕೇಳೋದನ್ನೇ ನಿಲ್ಲಿಸಿದೆವು. "ಕೊಡಿ" ಅನ್ನೋ ಬದಲು "ಅಳಿಸಬೇಡಿ" ಅಂತ ಬರೆದೆವು. ಅದಕ್ಕೆ ಆಧಾರ ಸುಪ್ರೀಂ ಕೋರ್ಟಿನ ಪರಮ್‌ವೀರ್ ಸಿಂಗ್ ಸೈನಿ ತೀರ್ಪು, 2020ರ ಡಿಸೆಂಬರ್ 2. ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ, ಹಿಂದಿನ ಅಂಗಳ ಎಲ್ಲಾ ಕಡೆ ಧ್ವನಿ ಸಮೇತ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿಯೇ ವರದಿ ಮಾಡಬೇಕು. ಹೊಡೆತದ ಸುದ್ದಿ ಬಂದ ದಿನವೇ ಈ ಪತ್ರ ಹೋಗಬೇಕು. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ಕ್ಯಾಮೆರಾ ಅನ್ನೋದು ಅದರಲ್ಲಿ ಇರಬೇಕು. ನಾಲ್ಕು ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಮುನ್ನೂರರ ಒಳಗೆ ಆಗುತ್ತದೆ. ನಾಲ್ಕರಲ್ಲಿ ಮೂರು ವಿಳಾಸ ನೀವೇ ಊಹಿಸಬಹುದು. ನಾಲ್ಕನೆಯದು ನಮ್ಮ ಹತ್ತಿರವೇ ಇರಲಿ, ಕೆಲಸ ಮಾಡಿದ್ದು ಅದೇ. ಪತ್ರ ಮುಟ್ಟಿದ ಮೇಲೂ ದೃಶ್ಯ ಅಳಿಸಿದರೆ ಅಳಿಸಿದ್ದಕ್ಕೇ ಅವರು ಉತ್ತರ ಕೊಡಬೇಕಾಗುತ್ತದೆ.

ಇದೇ ಗುಂಗಿನಲ್ಲಿ ಒಂದು ಲೆಕ್ಕ ಹಾಕಿದೆವು. ಕೊಪ್ಪೀಕರ್ ರಸ್ತೆಯ ಕ್ಯಾಮೆರಾ ಅಂಗಡಿಯವರನ್ನು ಕೂರಿಸಿಕೊಂಡು ಮೇಡಂ ಕೇಳುತ್ತಾ ಹೋದರು. 16 ಕ್ಯಾಮೆರಾ, ಒಂದೊಂದಕ್ಕೆ ಸೆಕೆಂಡಿಗೆ ಒಂದು ಮೆಗಾಬಿಟ್ ಅಂತ ಕಮ್ಮಿಯಲ್ಲೇ ಹಿಡಿದರೂ ದಿನಕ್ಕೆ 170 ಜಿಬಿ. ನಾಲ್ಕು ಟಿಬಿ ಡಿಸ್ಕ್ ಮೂರು ವಾರ ಚಿಲ್ಲರೆಗೆ ತುಂಬುತ್ತದೆ. 18 ತಿಂಗಳು ಉಳಿಯಬೇಕಾದರೆ 90 ಟಿಬಿ ಮೇಲೆ ಬೇಕು. ಅಂಗಡಿಯವರು ನಕ್ಕು "ಮೇಡಂ, ಅಷ್ಟು ಡಿಸ್ಕಿನ್ಯಾಗ ಒಂದ್ ಮನೀ ಕಟ್ಟಬಹುದ್ರೀ" ಅಂದರು. ಹಾಗಾಗಿ ಈಗ ನಮ್ಮ ಪತ್ರದಲ್ಲಿ ಒಂದು ಸಾಲು ಕಾಯಂ: ಡಿಸ್ಕಿನ ಅಳತೆ ಎಷ್ಟು, ತಿಳಿಸಿ. ಉತ್ತರ ಬಂದರೆ ಎಷ್ಟು ದಿನ ಕೈಯಲ್ಲಿದೆ ಅಂತ ಗೊತ್ತಾಗುತ್ತದೆ.

ಇನ್ನು ಹಾಳೆ. ಅಗಲದ ಲೆಡ್ಜರ್ ಕಾಗದ. ಎಡಕ್ಕೆ ಅರ್ಧರ್ಧ ಗಂಟೆ, ಮೇಲೆ ಒಂದೊಂದು ದಾಖಲೆಗೆ ಒಂದೊಂದು ಕಾಲಂ. ಅರೆಸ್ಟ್ ಮೆಮೊ, ಠಾಣಾ ದಿನಚರಿ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯದ ದಾಖಲೆ), ರಿಮಾಂಡ್ ಅರ್ಜಿ, ಮನೆಯವರ ಮಾತು, ಫೋನು, ಹೊರಗಿನ ಕ್ಯಾಮೆರಾ. ಇನ್ನೆರಡು ಕಾಲಂ ಇವೆ, ಅವನ್ನು ಇಲ್ಲಿ ಬರೆಯೋದಿಲ್ಲ. ಯಾರು ಎಷ್ಟು ಹೊಡೆದರು ಅನ್ನೋ ವಾದ ಇದರಲ್ಲಿಲ್ಲ. ಯಾವ ಹೊತ್ತಿಗೆ ಯಾರು ಎಲ್ಲಿದ್ದರು, ಅಷ್ಟೇ.

ಈ ಕೇಸಿನ ಹುಡುಗ ಗೂಡ್ಸ್ ಆಟೋ ಓಡಿಸೋನು. ಕಳ್ಳತನದ ಅನುಮಾನದ ಮೇಲೆ ಹಿಡಿದಿದ್ದರು. ಅರೆಸ್ಟ್ ಮೆಮೊ ಪ್ರಕಾರ ಬೆಳಿಗ್ಗೆ ಹನ್ನೊಂದಕ್ಕೆ ಬಸ್ ನಿಲ್ದಾಣದ ಹತ್ತಿರ, ಅನುಮಾನಾಸ್ಪದವಾಗಿ ತಿರುಗುತ್ತಿದ್ದಾಗ. ಅವನ ಫೋನಿನಲ್ಲಿ ಹಿಂದಿನ ಸಂಜೆ ಆರು ಗಂಟೆ ಸುಮಾರಿಗೆ ಗಿರ್ಮಿಟ್ ಅಂಗಡಿಗೆ ಮೂವತ್ತೋ ನಲವತ್ತೋ ರೂಪಾಯಿ ಯುಪಿಐ ಪಾವತಿ ಇತ್ತು. ಅದೇ ಕೊನೆ, ಆಮೇಲೆ ಫೋನ್ ಬಂದ್. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ತಟ್ಟೆ ಅರ್ಧಕ್ಕೇ ಬಿಟ್ಟು ಇಬ್ಬರು ಮಫ್ತಿಯವರ ನಡುವೆ ಅವನು ಜೀಪು ಹತ್ತುವುದು ಇದೆ. ಅವನ ತಾಯಿ "ರಾತ್ರಿ ಠಾಣೆಗೆ ರೊಟ್ಟಿ ಕೊಟ್ಟ್ ಬಂದೀನ್ರೀ ಯಪ್ಪಾ" ಅಂತ ಮೊದಲ ದಿನವೇ ಹೇಳಿದ್ದರು. ಯಾರೂ ಬರೆದುಕೊಂಡಿರಲಿಲ್ಲ. ಹಾಳೆಯಲ್ಲಿ ಹದಿನಾರು ಹದಿನೇಳು ಗಂಟೆ ಖಾಲಿ ಕೂತಿತು.

ಎಂಎಲ್‌ಸಿಯಲ್ಲಿ "ಬಚ್ಚಲಲ್ಲಿ ಜಾರಿ ಬಿದ್ದು ಸಣ್ಣ ಗಾಯ" ಅಂತ ಇತ್ತು. ಆದರೆ ಗಾಯದ ವಿವರ ಬರೆದ ವೈದ್ಯರು ಪಾಪ ಪ್ರಾಮಾಣಿಕರು. ತೊಡೆಯ ಹಿಂಭಾಗದಲ್ಲಿ ಪಕ್ಕಪಕ್ಕ ಎರಡು ಕೆಂಪು ಗೆರೆ, ನಡುವೆ ಬಿಳಿಚಿದ ಜಾಗ ಅಂತ ಬರೆದಿದ್ದರು. ನಮ್ಮ ಡಾಕ್ಟರು ಓದಿದ ಕೂಡಲೇ ಕನ್ನಡಕ ತೆಗೆದಿಟ್ಟರು. ದುಂಡನೆಯ ಕೋಲು ಜೋರಾಗಿ ಬಿದ್ದರೆ ರಕ್ತ ಎರಡೂ ಬದಿಗೆ ಸರಿದು ಅಂಚಿನಲ್ಲಿ ಒಡೆಯುತ್ತದೆ, ಜೋಡಿ ಗೆರೆ ಬರೋದು ಹಾಗೆ. ಬಚ್ಚಲ ಕಲ್ಲು ಅಂಥ ಗುರುತು ಮಾಡೋದಿಲ್ಲ. ಅವರ ಎಚ್ಚರವೂ ಇದೆ: ಗಾಯದ ಬಣ್ಣ ನೋಡಿ ಎಷ್ಟು ದಿನದ್ದು ಅಂತ ಬರೆಯಬೇಡಿ, ಅದು ನಂಬಿಕೆಗೆ ಬಾರದು, ಎದುರಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ಅಂದ ಹಾಗೆ ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 53ನೇ ಕಲಂ ಪ್ರಕಾರ ತಪಾಸಣಾ ವರದಿಯ ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಸಿಗಬೇಕು. ಕೇಳೋರೇ ಕಮ್ಮಿ.

ದೂರು ಮಾನವ ಹಕ್ಕು ಆಯೋಗಕ್ಕೆ ಕೊಟ್ಟೆವು. ಶುಲ್ಕ ಇಲ್ಲ, ಘಟನೆಯಾಗಿ ವರ್ಷದ ಒಳಗೆ ಕೊಡಬೇಕು. ಪೊಲೀಸರ ವರದಿ ಬಂದ ಮೇಲೆ ನಿಮ್ಮ ಅಭಿಪ್ರಾಯ ಏನು ಅಂತ ಪ್ರತಿ ಬರುತ್ತದಲ್ಲ, ಹೆಚ್ಚಿನವರು ಅಲ್ಲಿ ಕೈಬಿಡುತ್ತಾರೆ. ನಮ್ಮ ಮಟ್ಟಿಗೆ ಕೆಲಸ ಶುರುವಾಗೋದೇ ಅಲ್ಲಿ. ವರದಿಯ ಜೊತೆ ದಿನಚರಿ, ಸೆಂಟ್ರಿ ರಿಲೀಫ್ ಬುಕ್ಕಿನ (ಯಾರು ಯಾವಾಗ ಕಾವಲಿಗಿದ್ದರು ಅನ್ನೋ ಪುಸ್ತಕ) ನಕಲು ಇತ್ತು. ಕಾಕಾ ಚಹಾ ಕುಡಿಯುತ್ತಾ ಬೆರಳಿಟ್ಟು ಓದಿದರು. "ನೋಡ್ರಿ ವಕೀಲ್ರ, ಇಂವಾ ಹತ್ತರಿಂದ ಹನ್ನೆರಡರ ತನಕ ಗೇಟಿಗೆ ಸೆಂಟ್ರಿ ಅದಾನ. ಅದೇ ಇಂವಾ ಹನ್ನೊಂದಕ್ಕ ಬಸ್ ಸ್ಟ್ಯಾಂಡಿನ್ಯಾಗ ಆರೋಪಿ ಹಿಡಿದಾನಂತ. ರೈಫಲ್ ಯಾರ ಕೈಯಾಗ ಕೊಟ್ಟು ಹೋದ?" ಮೆಮೊಗೆ ಸಹಿ ಹಾಕಿದ ಸಾಕ್ಷಿಯೂ ಕಾಕಾಗೆ ಪರಿಚಯದವನೇ, ಆ ಠಾಣೆಯ ಕಾಯಂ ಪಂಚ. ನನ್ನ ಇಪ್ಪತ್ತು ಚಿಲ್ಲರೆ ವರ್ಷದ ವಕೀಲಿಕೆಯಲ್ಲಿ ಆ ಪುಸ್ತಕವನ್ನು ಯಾರೂ ಹಾಗೆ ಓದಿದ್ದನ್ನು ನಾನು ಕಂಡಿರಲಿಲ್ಲ. ಖಾಕಿ ಯಾಕೆ ಬೇಕು ಅಂತ ಕೇಳಿದ ಗೆಳೆಯರಿಗೆ ಇದೇ ಉತ್ತರ.

ಪೊಲೀಸರ ವರದಿಗೆ ನಾವು ಆಯೋಗಕ್ಕೆ ಕೊಟ್ಟ ಉತ್ತರ ಎರಡೇ ಪುಟ. "ಅಮಾನುಷ", "ರಾಕ್ಷಸೀ" ಅನ್ನೋ ಪದ ಒಂದೂ ಇಲ್ಲ. ಮೇಡಂ ಅವನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದರು. ಜೊತೆಗೆ ಹಾಳೆ. ಕೊನೆಗೆ ಒಂದೇ ಬೇಡಿಕೆ: ಆ ಹದಿನಾರು ಗಂಟೆಯ ದೃಶ್ಯ ತರಿಸಿ ನೋಡಿ. ದೃಶ್ಯ ಬಂತು, ಆದರೆ ಕಾರಿಡಾರಿನದು ಮಾತ್ರ. ಉಳಿದ ಕ್ಯಾಮೆರಾ "ದುರಸ್ತಿಯಲ್ಲಿತ್ತು" ಅಂದರು. ದುರಸ್ತಿಗೆ ವರದಿ ಮಾಡಿದ ಕಾಗದ ತೋರಿಸಿ ಅಂದಾಗ ಮಾತೇ ಇಲ್ಲ. ಕಾರಿಡಾರಿನಲ್ಲಿ ರಾತ್ರಿ ಹುಡುಗ ನೆಟ್ಟಗೆ ನಡೆದು ಒಳಗೆ ಹೋಗುತ್ತಾನೆ, ಆಮೇಲೆ ಇಬ್ಬರು ಹಿಡಿದುಕೊಂಡು ಹೊರಗೆ ತರುತ್ತಾರೆ. ಅಷ್ಟು ಸಾಕಾಯಿತು.

ನಡುವೆ ಒಂದು ತಲೆನೋವು ಇತ್ತು, ಗಡಿಯಾರದ್ದು. ಅಂಗಡಿ ಕ್ಯಾಮೆರಾದ ಸಮಯಕ್ಕೂ ಯುಪಿಐ ಸಮಯಕ್ಕೂ ತಾಳೆ ಆಗಲಿಲ್ಲ. ಮೊಬೈಲ್ ಹುಡುಗ ದುರ್ಗದ ಬೈಲ್‌ನಲ್ಲಿ ಹತ್ತಾರು ಅಂಗಡಿ ಸುತ್ತಿ ಕ್ಯಾಮೆರಾ ದೃಶ್ಯ ತುಂಬಿಡುವ ಡಿವಿಆರ್‌ನ ಪರದೆಯ ಪಕ್ಕ ಫೋನ್ ಹಿಡಿದು ಫೋಟೋ ತೆಗೆದ. ಕೆಲವು ಐದು ನಿಮಿಷ ಹಿಂದೆ, ಒಂದು ಮುಕ್ಕಾಲು ಗಂಟೆ ಮುಂದೆ, ಒಂದರಲ್ಲಿ ವರ್ಷವೇ ತಪ್ಪು. ಈಗ ದೃಶ್ಯ ತೆಗೆದುಕೊಳ್ಳುವಾಗಲೇ ಆ ಜೋಡಿ ಫೋಟೋ ತೆಗೆಯುತ್ತೇವೆ, ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾದ ಸಾಕ್ಷ್ಯ ಅಧಿನಿಯಮದ 63(4) ಸರ್ಟಿಫಿಕೇಟನ್ನೂ ಅಲ್ಲೇ ಬರೆಸಿಕೊಳ್ಳುತ್ತೇವೆ. ದಾರಿಹೋಕರ ವಿಡಿಯೋ ಇದ್ದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ನೆ ವಿಡಿಯೋ ಆಗಿ ಕಳಿಸಿದರೆ ಕುಗ್ಗಿ ಹಾಳಾಗುತ್ತದೆ. 2016ರಲ್ಲಿ ಮಹದಾಯಿ ನೀರಿನ ಗಲಾಟೆ ಹೊತ್ತಿನಲ್ಲಿ ಪೊಲೀಸರು ಯಮನೂರಿನಲ್ಲಿ ಮನೆ ಹೊಕ್ಕು ಹೊಡೆದದ್ದು ನಾಡಿಗೆಲ್ಲ ಗೊತ್ತಾಗಿದ್ದು ವಿಡಿಯೋದಿಂದ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ಆ ಅನುಕೂಲ ಎಲ್ಲಿತ್ತು?

ಎಲ್ಲ ಕಡೆ ಈ ಹಾಳೆ ನಡೆಯುತ್ತದೆ ಅಂತ ನಾನು ಹೇಳೋದಿಲ್ಲ. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪುಟ್ಟ ಮಗುವಿನ ಕೊಲೆಯಾಗಿ, ಆರೋಪಿ ಅದೇ ದಿನ ಪೊಲೀಸ್ ಗುಂಡಿಗೆ ಸತ್ತ. ಜನ ಪೊಲೀಸರಿಗೆ ಜೈಕಾರ ಹಾಕಿದರು. ಎನ್‌ಕೌಂಟರ್ ಆದರೆ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇಲ್ಲೂ ತನಿಖೆ ಸಿಐಡಿಗೆ ಹೋಯಿತು. ನಾನು ಕ್ಯಾಂಟೀನಿನಲ್ಲಿ ಇಷ್ಟು ಹೇಳಿದ್ದಕ್ಕೇ "ನಿಮ್ಮನ್ಯಾಗ ಹೆಣ್ಣ್ ಮಕ್ಕಳಿಲ್ಲೇನ್ರಿ" ಅಂತ ಕೇಳಿಸಿಕೊಂಡೆ. ಅಂಥ ವಾರದಲ್ಲಿ ಹಾಳೆ ತೋರಿಸಿದರೆ ಯಾರೂ ನೋಡೋದಿಲ್ಲ. ಸಣ್ಣ ಕೇಸುಗಳಲ್ಲಿ ಅಭ್ಯಾಸ ಆಗಿರಬೇಕು ಅನ್ನೋದು ನನ್ನ ಲೆಕ್ಕ.

ಈಗ ಆ ಠಾಣೆಯವರು ಒಳಗೆ ಹಾಕುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಅಂತ ಕಾಕಾ ಹೇಳುತ್ತಾರೆ. ಅವರಿಗೆ ಒಳಗಿನ ಸುದ್ದಿ ಬರುತ್ತದೆ. ನಮ್ಮ ಮುಂದಿನ ಕೆಲಸ ಸಿಸಿಟಿವಿಯ ಜಿಲ್ಲಾ ಉಸ್ತುವಾರಿ ಸಮಿತಿ. ಅದೇ 2020ರ ತೀರ್ಪಿನಂತೆ ಅದರಲ್ಲಿ ಮೇಯರ್ ಅಥವಾ ಜಿಲ್ಲಾ ಪಂಚಾಯತ್ ಮುಖ್ಯಸ್ಥರೂ ಸದಸ್ಯರು, ಅಂದರೆ ಓಟಿಗೆ ಬರೋರು ಒಬ್ಬರು ಒಳಗಿದ್ದಾರೆ. ಸಭೆಯ ನಡಾವಳಿ ಕೇಳಿ ಅರ್ಜಿ ಹಾಕಿದ್ದೇವೆ, 150 ಪದದಲ್ಲೇ. ಗದಗ, ಹಾವೇರಿಯವರೂ ನಿಮ್ಮಲ್ಲಿ ಇದನ್ನೇ ಹಾಕಿ.

ಹಾಳೆಯನ್ನು ವಾಟ್ಸಾಪಿನಲ್ಲಿ ಕಳಿಸೋದಿಲ್ಲ, ಕೇಳಬೇಡಿ. ಶನಿವಾರ ಸಂಜೆ ಬಂದರೆ ಖಾಲಿ ಪ್ರತಿ ಕೊಡುತ್ತೇವೆ, ಆ ಎರಡು ಕಾಲಮ್ಮನ್ನೂ ತೋರಿಸುತ್ತೇವೆ. ಬರುವಾಗ ನಿಮ್ಮದೇ ಒಂದು ಕೇಸಿನ ಪೇಪರ್ ತನ್ನಿ. ಸೆಂಟ್ರಿ ಬುಕ್ಕಿನ ನಕಲು ಇದ್ದರೆ ಕಾಕಾಗೆ ಬೇರೆ ಫರಾಳ ಬೇಕಾಗಿಲ್ಲ.